ಅವಮಾನ ತರಲು ಹೋದ ರಾಯಭಾರಿ

ಹೊಳೆಯಾಚೆಯ ರಾಜ್ಯದಿಂದ ಬಂದ ನೆಂಟರೊಬ್ಬರು ಗಂಧಸಾಲೆ ಅಕ್ಕಿ ತಂದುಕೊಟ್ಟಿದ್ದರು. ಅದರ ಅನ್ನ ಉಂಡ ಮೇಲೆ ಉದ್ದಂಡರಾಯನಿಗೆ ಮನೆಯ ಅಕ್ಕಿ ರುಚಿಸಲೇ ಇಲ್ಲ.

"ಆ ಗದ್ದೆಗಳು ನಮ್ಮದಾಗಬೇಕು," ಎಂದ ರಾಜ, ತುಂಬಿದ ಸಭೆಯಲ್ಲಿ.

ದಳವಾಯಿ ಕೆಂಚಣ್ಣ ಮೀಸೆ ತಿರುವಿದ. "ದಂಡು ಸಿದ್ಧವಿದೆ ಪ್ರಭು. ಒಂದು ಕಾರಣ ಸಿಕ್ಕರೆ ಸಾಕು. ಅನ್ನ ಚೆನ್ನಾಗಿತ್ತು ಅಂತ ದಂಡೆತ್ತಿ ಹೋದರೆ ನಾಲ್ಕು ಜನ ನಗುತ್ತಾರೆ."

ರಾಜ ಯೋಚಿಸಿದ. ಅವನ ಕಣ್ಣು ಮೂಲೆಯಲ್ಲಿ ಕುಳಿತಿದ್ದ ದೇಪಯ್ಯನ ಮೇಲೆ ಬಿತ್ತು. ದೇಪಯ್ಯ ಆಸ್ಥಾನದ ಮಾತುಗಾರ.

"ದೇಪಯ್ಯ, ನೀನು ರಾಯಭಾರಿಯಾಗಿ ಹೋಗು. ಹೊಳೆಯಾಚೆಯ ದೊರೆ ಆ ತಿಮ್ಮರಸ ನಿನಗೆ ಅವಮಾನ ಮಾಡಬೇಕು. ಬೈಯಲಿ, ನೂಕಿಸಲಿ, ಎರಡೇಟು ಹಾಕಿಸಿದರಂತೂ ಬಹಳ ಒಳ್ಳೆಯದು. ಬರಿಗೈಯಲ್ಲಿ ಮಾತ್ರ ಬರಬೇಡ."

ಸಭೆ ನಕ್ಕಿತು. ದೇಪಯ್ಯನಿಗೆ ನಗು ಬರಲಿಲ್ಲ. ಅವನ ಮಗಳನ್ನು ಕೊಟ್ಟಿದ್ದು ಹೊಳೆಯಾಚೆಯ ಊರಿಗೇ. ಅಳಿಯ ಅಲ್ಲಿಯ ದಂಡಿನಲ್ಲಿದ್ದ, ತಮ್ಮ ಇಲ್ಲಿಯ ದಂಡಿನಲ್ಲಿ.

"ಅಪ್ಪಣೆ," ಎಂದು ಹೊರಟ.

ತಿಮ್ಮರಸನ ಸಭೆಯಲ್ಲಿ ದೇಪಯ್ಯ ತನಗೆ ಒಪ್ಪಿಸಿದ ಕೆಲಸವನ್ನು ನಿಯತ್ತಾಗಿಯೇ ಮಾಡಿದ. ರಾಜನ ಎದುರಿಗೇ ಕಾಲು ಚಾಚಿ ಕುಳಿತ.

"ಕಾಲು ನೋವೇ? ದೂರದ ದಾರಿ, ಪಾಪ," ಎಂದು ತಿಮ್ಮರಸ ಎಣ್ಣೆ ತರಿಸಿದ.

"ನಿಮ್ಮ ರುಮಾಲು ಸೊಟ್ಟಗಿದೆ," ಎಂದ ದೇಪಯ್ಯ.

"ಹೌದೇ? ಇವರು ಯಾರೂ ಹೇಳಲೇ ಇಲ್ಲ ನೋಡಿ," ಎಂದು ತಿಮ್ಮರಸ ಸರಿಮಾಡಿಕೊಂಡ.

ಇನ್ನೇನು ಮಾಡುವುದೆಂದು ತೋಚದೆ ದೇಪಯ್ಯ ಕೊನೆಗೆ ಇದ್ದದ್ದನ್ನೇ ಹೇಳಿದ. "ನಮ್ಮ ದೊರೆಗೆ ನಿಮ್ಮ ಗಂಧಸಾಲೆ ಅನ್ನ ಬಹಳ ಹಿಡಿಸಿದೆ."

"ಅಷ್ಟೇ ತಾನೆ?" ಎಂದು ತಿಮ್ಮರಸ ಬಿತ್ತನೆ ಬತ್ತವನ್ನು ಗಾಡಿಗೆ ಹೇರಿಸಿ, ಶಾಲು ಹೊದಿಸಿ ಕಳಿಸಿಕೊಟ್ಟ.

ಮರಳಿ ಬಂದ ದೇಪಯ್ಯನ ಹೆಗಲಿನ ಶಾಲು ನೋಡಿ ಉದ್ದಂಡರಾಯನ ಮುಖ ಇಳಿಯಿತು. "ಇದೇನಯ್ಯ? ಅವಮಾನ ಆಗಲೇ ಇಲ್ಲವೇ?"

"ಆಯಿತು ಪ್ರಭು. ಹೇಳಿಕೊಳ್ಳಲು ನಾಚಿಕೆಯಾಗುವಷ್ಟು ಆಯಿತು."

ದಳವಾಯಿ ಎದ್ದು ನಿಂತ. ನಗಾರಿಯವನು ಕೋಲು ಕೈಗೆತ್ತಿಕೊಂಡ. ರಾಜನಿಗೆ ಹುರುಪು ಬಂತು.

"ಎಲ್ಲರೂ ಕೇಳಿ. ನನ್ನ ರಾಯಭಾರಿಯ ಮಾನ ಕಳೆದವನು ಯಾರೇ ಆಗಿರಲಿ, ಅವನನ್ನು ಸಿಂಹಾಸನದಿಂದ ಇಳಿಸದೆ ಬಿಡುವುದಿಲ್ಲ. ಹೇಳು ದೇಪಯ್ಯ, ಏನಾಯಿತು?"

"ತಿಮ್ಮರಸರು ಕಾಲಿಗೆ ಎಣ್ಣೆ ಹಚ್ಚಿಸಿದರು. ಹೊಟ್ಟೆ ತುಂಬ ಊಟ ಹಾಕಿದರು. ಬಿತ್ತನೆ ಬತ್ತವನ್ನೇ ಕೊಟ್ಟರು. ಗಾಡಿ ಬಾಗಿಲಲ್ಲಿದೆ."

"ಮತ್ತೆ ಅವಮಾನ?"

"ಅದು ಹೊಳೆ ದಾಟುವ ಮುಂಚೆಯೇ ಆಗಿತ್ತು ಪ್ರಭು. ತಲೆ ನರೆತ ನನ್ನನ್ನು ತುಂಬಿದ ಸಭೆಯಲ್ಲಿ ನಿಲ್ಲಿಸಿ, 'ಹೋಗಿ ಏಟು ತಿಂದು ಬಾ, ನನಗೆ ಅನ್ನ ಬೇಕು' ಅಂದರು ಒಬ್ಬ ಮಹಾರಾಜರು. ಎಲ್ಲರೂ ನಕ್ಕರು."

ನಗಾರಿಯವನು ಕೋಲು ಕೆಳಗಿಳಿಸಿದ.

ದೇಪಯ್ಯ ಕೈಮುಗಿದ. "ದಂಡು ಯಾವ ಕಡೆ ಹೊರಡಬೇಕು ಅಂತ ಅಪ್ಪಣೆಯಾಗಲಿ. ದೂರವೇನೂ ಇಲ್ಲ. ಈ ಮೆಟ್ಟಿಲು ಹತ್ತಿದರೆ ಆಯಿತು."

ಉದ್ದಂಡರಾಯ ತಾನು ಕುಳಿತ ಸಿಂಹಾಸನವನ್ನೊಮ್ಮೆ, ಸಭೆಯನ್ನೊಮ್ಮೆ ನೋಡಿದ. ಮೊದಲು ಅವನ ಭುಜ ಕುಲುಕಿತು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ಕೊರಳಿನ ಸರ ತೆಗೆದು ದೇಪಯ್ಯನಿಗೆ ಹಾಕಿದ.

ದಳವಾಯಿ ಕೆಂಚಣ್ಣನಿಗೆ ಮಾತ್ರ ಏನೂ ಅರ್ಥವಾಗಿರಲಿಲ್ಲ. "ಪ್ರಭು, ನಗಾರಿ ಹೊಡೆಸಲೇ?"

"ಹೊಡೆಸು," ಎಂದ ರಾಜ ಕಣ್ಣೊರೆಸಿಕೊಳ್ಳುತ್ತ. "ನಿನ್ನ ದಂಡಿನವರು ಕತ್ತಿ ಕೆಳಗಿಟ್ಟು ಗದ್ದೆ ಉಳಲು ಬರಲಿ."