ಮಾತಿಲ್ಲದ ಏರು

ಜಪಾನಿನ ಮಿಜುನೊಕಿ ಎಂಬ ಬೆಟ್ಟದೂರಿನಲ್ಲಿ ಕಲ್ಲುಮೆಟ್ಟಿಲಿನ ಒಂದು ಏರುದಾರಿಯಿದೆ. ಅದರ ಹೆಸರು ದಮಾರಿಝಾಕ. ನಮ್ಮ ಮಾತಿನಲ್ಲಿ ಮಾತಿಲ್ಲದ ಏರು. ಅದರ ಬುಡದಲ್ಲಿ ನೀಲಿ ಪರದೆ ಇಳಿಬಿಟ್ಟ ಪುಟ್ಟ ಅಂಗಡಿಯೊಂದಿದೆ. ಬೇಯಿಸಿ ಕುಟ್ಟಿದ ಅಂಟಕ್ಕಿಯೊಳಗೆ ಕೆಂಪು ಕಾಳಿನ ಸಿಹಿ ಹೂರಣ ತುಂಬಿದ ಮೋಚಿ ಎಂಬ ಉಂಡೆ ಅಲ್ಲಿ ಸಿಗುತ್ತದೆ. ಉಳಿದ ಊರುಗಳಲ್ಲಿ ಅದು ಅಂಟದಿರಲೆಂದು ಹುರಿದ ಸೋಯಾ ಹಿಟ್ಟಿನಲ್ಲಿ ಹೊರಳಿಸುತ್ತಾರೆ, ಇಲ್ಲಿ ಹಾಗಿಲ್ಲ. ಯಾಕೆಂದು ಕೇಳಿದರೆ ಅಂಗಡಿಯ ಮುದುಕಿ ನಕ್ಕು, "ತ್ಸುನೆಯಮ್ಮ ಒಮ್ಮೆ ಮರೆತಳಪ್ಪಾ, ಆವತ್ತಿನಿಂದ ನಾವೂ ಹಾಕೋದಿಲ್ಲ" ಎನ್ನುತ್ತಾಳೆ.

ಹಿಂದೆ ಒಮ್ಮೆ, ಆ ಅಂಗಡಿ ಬರಿಯ ಹುಲ್ಲುಮಾಡಾಗಿದ್ದ ಕಾಲದಲ್ಲಿ, ತ್ಸುನೆ ಎಂಬ ವಿಧವೆ ಅಲ್ಲಿ ಮೋಚಿ ಮಾರುತ್ತಿದ್ದಳು. ಅವಳ ಒಬ್ಬಳೇ ಮಗಳು ಸಾಯೊಳನ್ನು ಏರಿನ ತುದಿಯಲ್ಲಿರುವ ಮೇಲೂರಿಗೆ ಕೊಟ್ಟಿತ್ತು. ಮರುವರ್ಷವೇ ತೊರೆಯ ನೀರಿಗಾಗಿ ಎರಡೂರಿಗೂ ಜಗಳ ಹತ್ತಿತು. ಮೇಲೂರಿನವರು ತೊರೆಗೆ ಅಡ್ಡಗಟ್ಟೆ ಹಾಕಿದರು. ಕೆಳಗಿನವರು, ಇನ್ನು ಮೇಲೆ ಹೆಣ್ಣು ಕೊಡುವುದಿಲ್ಲ, ತರುವುದಿಲ್ಲ, ಕೊಟ್ಟ ಹೆಣ್ಣು ತವರಿನ ಹೊಸ್ತಿಲು ತುಳಿಯಕೂಡದು ಎಂದು ಸಾರಿ ಬರಲು ಹೊರಟರು. ಸಾಯೊ ಆಗ ಬಸುರಿ. ಚೊಚ್ಚಲ ಹೆರಿಗೆಗೆ ತಾಯಿಯ ಮನೆಗೆ ಬರಬೇಕಾದವಳು.

ಇಪ್ಪತ್ತು ಜನರನ್ನು ಕಟ್ಟಿಕೊಂಡು ಊರ ಮುಖಂಡ ಗೆನ್ಬೆ ಬಂದಾಗ ಅವಳು ದಾರಿಗಡ್ಡ ನಿಂತಳು. "ಯಜಮಾನರೇ, ಮಗಳಿಗೆ ದಿನ ತುಂಬಿದೆ. ಆ ಮಾತು ಆಡಬೇಡಿ."

"ಊರಿನ ಮಾತು ತ್ಸುನೆ, ನನ್ನೊಬ್ಬನದಲ್ಲ" ಎಂದ ಗೆನ್ಬೆ, ಅವಳ ಮುಖ ನೋಡದೆ.

"ಹಾಗಾದರೆ ಬರಿ ಹೊಟ್ಟೆಯಲ್ಲಿ ಹೋಗಬೇಡಿ. ಒಂದೊಂದು ತಿಂದು ಹೋಗಿ."

ಎಷ್ಟೇ ಸಿಟ್ಟಿರಲಿ, ತ್ಸುನೆಯ ಮೋಚಿ ಬೇಡವೆನ್ನುವ ಗಂಡಸು ಆ ಊರಿನಲ್ಲಿ ಹುಟ್ಟಿರಲಿಲ್ಲ. ಅವಳ ಮನಸ್ಸೆಲ್ಲ ಮಗಳ ಮೇಲಿತ್ತು. ಒರಳಿನಿಂದ ಬಿಸಿಬಿಸಿಯಾಗಿಯೇ ತೆಗೆದು ಕೊಟ್ಟಳು. ಆರಿಸುವುದನ್ನೂ ಮರೆತಳು, ಹಿಟ್ಟಿನಲ್ಲಿ ಹೊರಳಿಸುವುದನ್ನೂ ಮರೆತಳು. ಅವರೆಲ್ಲ ಅವಸರದಲ್ಲಿ ಇಡಿಯಾಗಿ ಬಾಯಿಗೆ ಹಾಕಿಕೊಂಡು ಏರು ಹತ್ತಿದರು. ಅಗಿದಷ್ಟೂ ಹಲ್ಲಿಗೆ ಹಲ್ಲು ಕಚ್ಚಿಕೊಂಡಿತು. ತುದಿಯಲ್ಲಿ ಮೇಲೂರಿನವರು ದೊಣ್ಣೆ ಹಿಡಿದು ಕಾದಿದ್ದರು. ಗೆನ್ಬೆ ಎಷ್ಟು ಹೆಣಗಿದರೂ ಬಾಯಿ ಬಿಡಲಾಗಲಿಲ್ಲ. ತುಂಬಿದ ಬಾಯಿ ಜನರಿಗೆ ಕಂಡರೆ ಮಾನ ಹೋದಂತೆ ಎಂದು ಅವನು ತಲೆ ತಗ್ಗಿಸಿದ. ಹಿಂದಿದ್ದ ಇಪ್ಪತ್ತು ತಲೆಗಳೂ ತಗ್ಗಿದವು. ಇದನ್ನು ಕಂಡು ಮೇಲೂರಿನ ಹಿರಿಯನ ಕಣ್ಣು ತುಂಬಿತು. "ನೀರು ಕಟ್ಟಿದವರು ನಾವು. ನೀವು ಬಂದು ಬಾಗುವುದೇ?" ಎಂದು ದೊಣ್ಣೆ ಬಿಸಾಡಿ, ಅವರಿಗಿಂತಲೂ ಕೆಳಗೆ ಬಾಗಿದ. ಬಾಯಿ ಬಿಡಿಸಿಕೊಳ್ಳುವ ಹೊತ್ತಿಗೆ ಗೆನ್ಬೆಗೆ ತಾನು ತಂದ ಮಾತನ್ನು ಆಡುವ ಮನಸ್ಸೇ ಉಳಿದಿರಲಿಲ್ಲ ಎನ್ನುತ್ತಾರೆ. ಅಡ್ಡಗಟ್ಟೆಯನ್ನು ಅಂದೇ ಒಡೆದರು.

ಆ ಸಂಜೆ ಸಾಯೊ ಒಂದೊಂದೇ ಮೆಟ್ಟಿಲಿಳಿದು ತವರಿಗೆ ಬಂದಳು. ಉಳಿದಿದ್ದ ಒಂದೇ ಒಂದು ಉಂಡೆಯನ್ನು ತ್ಸುನೆ ಮುರಿದು, ಅರ್ಧ ಮಗಳ ಬಾಯಿಗಿಟ್ಟು ಅರ್ಧ ತಾನು ತಿಂದಳು. ಇಬ್ಬರಿಗೂ ಬಹಳ ಹೊತ್ತು ಮಾತು ಹೊರಡಲಿಲ್ಲ.

ಇಂದಿಗೂ ಅಲ್ಲಿಗೆ ಹೋದವರು ಬಾಯಲ್ಲಿ ಮೋಚಿಯಿಟ್ಟುಕೊಂಡು ಮೌನವಾಗಿ ಏರು ಹತ್ತುತ್ತಾರೆ. ಕೊಳ್ಳುವವರು ಬೆಳಗ್ಗೆಯೇ ಹೋಗಬೇಕು, ಮಧ್ಯಾಹ್ನಕ್ಕೆಲ್ಲ ಮುಗಿದುಹೋಗುತ್ತದೆ. ತಟ್ಟೆಯಲ್ಲಿ ಎಲೆ ಮುಚ್ಚಿದ ಒಂದು ಉಂಡೆ ಮಾತ್ರ ಉಳಿದಿರುತ್ತದೆ. ಎಷ್ಟು ಕೇಳಿದರೂ ಅದನ್ನು ಮಾರುವುದಿಲ್ಲ. ಸಂಜೆ ಮೆಟ್ಟಿಲಿಳಿದು ಮೊದಲು ಬರುವ ಹೆಣ್ಣುಮಗಳು ಯಾರೇ ಆಗಿರಲಿ, ಯಾವ ದೇಶದವಳೇ ಆಗಿರಲಿ, ಮುದುಕಿ ಎಲೆ ಸರಿಸಿ ಅದನ್ನು ಅವಳ ಕೈಗಿಟ್ಟು, "ಬಂದೆಯಾ, ಮಗಳೇ?" ಎನ್ನುತ್ತಾಳೆ.