ತಿಪ್ಪೇಶಿ ಮನೆಯಲ್ಲೇ ಇನ್ವರ್ಟರ್ ಮಾಡಿದ್ದು

ನಗೋರು ಮುಂದೆ ಬನ್ನಿ, ಬುದ್ಧಿವಂತರು ಹಿಂದೆ ಸರೀರಿ. ಬೋರಮ್ಮನ ಮಗ ತಿಪ್ಪೇಶಿ ಕತೆ ಹೇಳ್ತೀನಿ. ಆಳು ಆರಡಿ, ಬುದ್ಧಿ ಮೂರು ಕಾಸು. ಹೇಳಿದ್ದನ್ನ ಹೇಳಿದಂಗೇ ಮಾಡೋನು. ಅದೇ ಅವನ ರೋಗ!

ಬೋರಮ್ಮ ನಾಟಿಕೋಳಿ ಮರಿ ಮಾಡಿ ಮಾರ್ತಿದ್ದಳು. ಒಂದು ಮರದ ಪೆಟ್ಟಿಗೆ, ಒಳಗೊಂದು ಬಲ್ಬು, ಬಲ್ಬಿನ ಕಾವಿಗೆ ನೂರು ಮೊಟ್ಟೆ. ಇಪ್ಪತ್ತೊಂದು ದಿನ ಕಾವು ಆರಬಾರದು. ಹೋದ ತಿಂಗಳು ದಿನವೆಲ್ಲ ಕರೆಂಟು ಹೋಗಿ ಒಂದು ಮರಿಯೂ ಏಳಲಿಲ್ಲ. ಪಾಪ, ಹೊಟ್ಟೆಪಾಡೇ ಅದು. ಕೂತು ಅತ್ತಳು.

ಅಂಥಾ ಹೊತ್ತಲ್ಲಿ ಮಗ ಅಂಗಡಿಯಿಂದ ಉಪ್ಪಿನಕಾಯಿ ತಂದ.

"ಥೂ ಪೆದ್ದ! ಅಂಗಡೀದು ಯಾಕೋ? ಮನೇಲೇ ಮಾಡ್ಬೇಕು!"

"ಹೂಂನವ್ವ, ಇನ್ಮೇಲೆ ಹಂಗೇ ಮಾಡ್ತೀನಿ."

ಮಾರನೇ ದಿನ ಇನ್ವರ್ಟರ್ ತಾ ಅಂತ ಕಳಿಸಿದಳು. ಇವನು ಮನೇಲೇ ಮಾಡ್ಬೇಕಲ್ಲ ಅಂತ ಹಳೇ ಬ್ಯಾಟರಿ, ಟ್ರಾನ್ಸ್‌ಫಾರ್ಮರು, ಒಂದು ಹಿಡಿ ವೈರು ತಂದ. ಬ್ಯಾಟರಿ ಉಪ್ಪಿನಕಾಯಿ ಜಾಡಿಗೆ ಹಿಡಿಸಲಿಲ್ಲ, ಹೊರಗಿಟ್ಟ. ಮಿಕ್ಕಿದ್ದನ್ನ ಜಾಡಿಗೆ ತುಂಬಿದ, ಉಪ್ಪು ಹಾಕಿದ, ಬಾಯಿಗೆ ಬಟ್ಟೆ ಕಟ್ಟಿ ಬಿಸಿಲಿಗಿಟ್ಟ. ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ ಕುಲುಕಿದ.

"ಏನೋ ಇದು?"

"ಇನ್ವರ್ಟರ್ ಮಾಗ್ತೈತೆ ಕಣವ್ವ!"

ಬೋರಮ್ಮ ತಲೆ ಚಚ್ಚಿಕೊಂಡಳು. "ಗೊತ್ತಿದ್ದೋರ್ನ ಕೇಳು! ಅವರು ಹೇಳ್ದಂಗೆ ಮಾಡು!"

ಮೋಟರ್ ರಿಪೇರಿ ರುದ್ರಣ್ಣನ್ನ ಕರಕೊಂಡು ಬಂದ. ರುದ್ರಣ್ಣ ಸಾಮಾನೆಲ್ಲ ತೊಳೆದ, ಒರೆಸಿದ, ಜೋಡಿಸಿದ. ಬಲ್ಬು ಹತ್ತಿತು! ಹೋಗ್ತಾ ಅಂದ, "ಬ್ಯಾಟರಿಗೆ ನೀರು ಕಮ್ಮಿ ಐತೆ. ನಲ್ಲಿ ನೀರು ಹಾಕ್ಬೇಡ. ಬಲು ಶುದ್ಧವಾದ ನೀರು ಹಾಕಪ್ಪ."

ನಮ್ಮೂರಲ್ಲಿ ಬಲು ಶುದ್ಧವಾದ ನೀರು ಎಲ್ಲಿದೆ? ಗುಡಿಯಲ್ಲಿ! ಸ್ನಾನ ಮಾಡಿ ಮಡಿಯಲ್ಲಿ ಹೋದ, ಪೂಜಾರಪ್ಪನ್ನ ಕಾಡಿ ಒಂದು ಚೊಂಬು ತೀರ್ಥ ತಂದ. ತುಳಸಿ, ಪಚ್ಚಕರ್ಪೂರ ಸಮೇತ ಬ್ಯಾಟರಿಗೆ ಸುರಿದ, ಕೈ ಮುಗಿದ. ಬ್ಯಾಟರಿ ಎರಡು ದಿನದಲ್ಲಿ ಶಿವನ ಪಾದ ಸೇರಿತು.

"ಅಯ್ಯೋ ನನ್ ಕರ್ಮವೇ! ಯಾವ್ದನ್ನೇ ಆಗ್ಲಿ ಪರೀಕ್ಷೆ ಮಾಡಿ ನೋಡೋ, ಆಮೇಲೆ ನಂಬು!"

"ಹೂಂನವ್ವ, ಇನ್ಮೇಲೆ ಹಂಗೇ ಮಾಡ್ತೀನಿ."

ಕೊನೆಗೆ ಬೋರಮ್ಮ ತಾನೇ ಪೇಟೆಗೆ ಹೋಗಿ ಹೊಸ ಇನ್ವರ್ಟರ್ ತಂದಳು. ಹೊಸ ನೂರು ಮೊಟ್ಟೆ ಇಟ್ಟಳು. ಮೂರನೇ ದಿನ ತಂಗಿ ಮನೆಗೆ ಹೊರಟಳು. "ಇನ್ನೇನೂ ಭಯವಿಲ್ಲ, ಸುಮ್ನೆ ಕೂತಿರು" ಅಂದಳು.

ಸುಮ್ನೆ ಕೂತಾನೆಯೇ? ಪರೀಕ್ಷೆ ಮಾಡಬೇಕಲ್ಲ! ಮನೆಯ ಫ್ಯೂಸು ಕಿತ್ತ. ಬಲ್ಬು ಉರಿಯಿತು. ಭಲೇ! ಫ್ಯಾನು ಹಾಕಿದ, ತಿರುಗಿತು. ಭಲೇ! ಟಿ.ವಿ. ಹಾಕಿದ, ಹಾಡಿತು. ಭಲೇ ಭಲೇ! ಸಂಜೆವರೆಗೂ ಪರೀಕ್ಷೆ. ಬ್ಯಾಟರಿ ಖಾಲಿ. ಅದೇ ಹೊತ್ತಿಗೆ ಊರಿನ ಕರೆಂಟೂ ಹೋಯಿತು.

ಕರೆಂಟು ಹೋದದ್ದು ಕಂಡು ಬೋರಮ್ಮ ತಂಗಿ ಮನೆಯಿಂದ ಓಡಿ ಬಂದಳು. "ಪೆಟ್ಟಿಗೇಲಿ ಬೆಳಕೇ ಇಲ್ವಲ್ಲೋ!"

"ಪರೀಕ್ಷೆ ಮಾಡ್ದೆ ಕಣವ್ವ. ಪಾಸು! ಒಳ್ಳೇ ಮಾಲು!"

"ನನ್ ಮೊಟ್ಟೆ ತಣ್ಣಗಾದ್ವಲ್ಲೋ!"

"ಅವಕ್ಯಾಕೆ ಅಳ್ತೀಯ? ಅವನ್ನೂ ಪರೀಕ್ಷೆ ಮಾಡ್ದೆ. ಒಂದೊಂದಾಗಿ ನೂರನ್ನೂ ಒಡೆದು ನೋಡ್ದೆ. ಒಂದ್ರಲ್ಲೂ ಮರಿ ಇಲ್ಲ, ಬರೀ ಲೋಳೆ! ಮೊಟ್ಟೆ ಕೊಟ್ಟೋನು ನಿನಗೆ ಚೆನ್ನಾಗಿ ಟೋಪಿ ಹಾಕವ್ನೆ ಕಣವ್ವ!"