ಹುರುಡುಗುಪ್ಪೆಯ ದೊಡ್ಡರಾಣಿ ದೊಡ್ಡ ಪದ ಕೊಂಡದ್ದು

ಒಂದಾನೊಂದು ಊರಿನಲ್ಲಿ, ಆ ಊರಿಗೆ ಹೋಗುವ ದಾರಿ ಇನ್ನೂ ಎದ್ದು ಮುಖ ತೊಳೆಯದಿದ್ದ ಕಾಲದಲ್ಲಿ, ಒಬ್ಬ ರಾಜನಿದ್ದ. ಊರಿನ ಹೆಸರು ಹುರುಡುಗುಪ್ಪೆ. ರಾಜನಿಗೆ ಇದ್ದದ್ದು ಒಂದೇ ಚಿಂತೆ. ತನ್ನ ಎರಡು ಮೀಸೆಗಳಲ್ಲಿ ಮೇಲು ಕುಲದ್ದು ಯಾವುದು? ಎಡಮೀಸೆಗೆ ತುಪ್ಪ ಹಚ್ಚಿದರೆ ಬಲಮೀಸೆ ಮುನಿಸಿಕೊಂಡು ಜೋತುಬೀಳುತ್ತಿತ್ತು. ಬಲಮೀಸೆಗೆ ಹಚ್ಚಿದರೆ ಎಡಮೀಸೆ ಊಟಕ್ಕೆ ಬರುತ್ತಿರಲಿಲ್ಲ. ಅವನ ರಾಜ್ಯಭಾರವೆಲ್ಲ ಮೂಗಿನ ಕೆಳಗೇ ಮುಗಿದುಹೋಗುತ್ತಿತ್ತು.

ಹಾಗಾಗಿ ಅರಮನೆಯನ್ನು ಆಳುತ್ತಿದ್ದವಳು ದೊಡ್ಡರಾಣಿ ಮಲ್ಲಾಜಮ್ಮಣ್ಣಿ. ಅವಳ ಓರಗಿತ್ತಿ, ಅಂದರೆ ರಾಜನ ತಮ್ಮನ ಹೆಂಡತಿ, ಚಿಕ್ಕರಾಣಿ ಪುಟ್ಟತಾಯಿ. ಪುಟ್ಟತಾಯಿ ಅಡುಗೆಮನೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಮಲ್ಲಾಜಮ್ಮಣ್ಣಿ ಅಡುಗೆಮನೆಯೊಳಗೆ ಕಾಲಿಡುತ್ತಿರಲಿಲ್ಲ. ಆದ್ದರಿಂದ ಇಬ್ಬರಿಗೂ ಬಲು ಅನ್ಯೋನ್ಯ.

ಹೀಗಿರುವಾಗ ದಾರಿ ತಪ್ಪಿದ ಇಂಗ್ಲಿಷ್ ದೊರೆಯೊಬ್ಬ ಅರಮನೆಗೆ ಬಂದ. ಪುಟ್ಟತಾಯಿ ಮಾಡಿದ ಹೋಳಿಗೆ ತಿಂದ. ಟೋಪಿ ತೆಗೆದ. "ನೋಬಲ್! ನೋಬಲ್!" ಎಂದ. ಟೋಪಿ ಹಾಕಿಕೊಂಡ. ಹೋದ.

ಊರೆಲ್ಲ ಅದೇ ಮಾತು.

"ನೋಬಲ್ ಅಂದರೆ ಏನಂತೆ?"

"ಬಹಳ ದೊಡ್ಡ ಹುಟ್ಟು ಅಂತೆ. ಹಾಗೆ ಹುಟ್ಟಿದ ಮಗುವನ್ನು ತೂಗುವ ಮೊದಲು ತೊಟ್ಟಿಲು ಎದ್ದು ಕೈಮುಗಿಯುತ್ತದಂತೆ."

ಮಲ್ಲಾಜಮ್ಮಣ್ಣಿ ಕೇಳಿಸಿಕೊಂಡಳು. ಅವಳ ಹೊಟ್ಟೆಯಲ್ಲಿ ಕಿಡಿ ಹೊತ್ತಿತು. ಕಿಡಿ ಉರಿಯಾಯಿತು. ಉರಿಯನ್ನು ದಂಡ ಮಾಡುವುದೇಕೆಂದು ಅಡುಗೆಯವರು ಅವಳ ಹೊಟ್ಟೆಯ ಮೇಲೆ ಬೇಳೆ ಬೇಯಲಿಟ್ಟರು. ಬೇಳೆ ಚೆನ್ನಾಗಿಯೇ ಬೆಂದಿತು.

"ನನ್ನ ತವರಿಗೆ ಏಳು ಸುತ್ತಿನ ಕೋಟೆ" ಎಂದಳು, ಮಗ್ಗುಲು ಬದಲಿಸಲಾರದೆ. "ಇವಳ ತವರಿಗೆ ಇದ್ದದ್ದು ಒಂದು ಬಾಗಿಲು. ಅದೂ ಪಕ್ಕದ ಮನೆಯದು. ಇವಳು ನೋಬಲ್ ಅಂತೆ!"

ಅವಳ ಉರಿಗೆ ಕಾರಣವಿತ್ತು. ಗೌರಿಹಬ್ಬ ಹತ್ತಿರ ಬಂದಿತ್ತು. ಆ ಅರಮನೆಯಲ್ಲಿ ಮೊದಲ ಮೊರದ ಬಾಗಿನ ಮಲ್ಲಾಜಮ್ಮಣ್ಣಿಗೇ. ಪುಟ್ಟತಾಯಿ ಮೊರವನ್ನು ಸೆರಗಿನಲ್ಲಿ ಮುಚ್ಚಿ ಹಿಡಿದು, "ಅಕ್ಕಾ, ಬಾಗಿನ ತಗೊಳ್ಳಿ" ಎಂದು ಕರೆಯುವಳು. ಇವಳು ಬೇಕೆಂದೇ ಎರಡನೆಯ ಸಲ ಕರೆಸಿಕೊಂಡು ಏಳುವಳು. ಹುಟ್ಟು ದೊಡ್ಡದೆಂದೇ ಆ ಮರ್ಯಾದೆ ಎಂದು ಅವಳ ನಂಬಿಕೆ. ಈಗ ಪುಟ್ಟತಾಯಿಯ ಹುಟ್ಟು ಇನ್ನೂ ದೊಡ್ಡದೆಂದಾದರೆ? ಮೊದಲ ಬಾಗಿನ ಯಾರಿಗೆ?

ಹೊಟ್ಟೆಯ ಹೊಗೆ ಗವಾಕ್ಷಿಯಿಂದ ಮೇಲೆ ಹೋಯಿತು. ಹೊಗೆ ನೋಡಿಕೊಂಡು ಪದದ ಶೆಟ್ಟಿ ಬಂದ. ಅವನ ಬುಟ್ಟಿಯಲ್ಲಿ ಇಂಗ್ಲಿಷ್ ಪದಗಳು ಕೋಳಿಮರಿಗಳಂತೆ ಕಿಚಿಪಿಚಿ ಅನ್ನುತ್ತಿದ್ದವು.

"ದೊಡ್ಡ ಹುಟ್ಟಿನ ಪದ ಇದೆಯೇನಯ್ಯಾ?"

"ಎಲ್ಲ ಅವೇ, ಅಮ್ಮಣ್ಣೀ! ಇದು ಬ್ಲೂ ಬ್ಲಡ್. ಇಟ್ಟುಕೊಂಡರೆ ರಕ್ತ ನೀಲಿ. ಇದು ಜೆಂಟಲ್. ಇದು, ಹುಷಾರು, ಕಚ್ಚುತ್ತದೆ, ಇದು ಲೇಡಿ."

"ಏನು ಕೊಡಬೇಕು?"

"ದುಡ್ಡು ಮುಟ್ಟುವುದಿಲ್ಲ ನಾನು. ಪದಕ್ಕೆ ಪದ. ನಿಮ್ಮನ್ನು ಕರೆಯುವ ಪದ ಕೊಡಿ, ಇವನ್ನು ತೆಗೆದುಕೊಳ್ಳಿ."

ಈಗ ನೋಡಿ, ಇದೇ ಮಲ್ಲಾಜಮ್ಮಣ್ಣಿ ಒಬ್ಬ ಸೊಸೆ ತರುವಾಗ ಹುಡುಗಿಯ ಗೋತ್ರ, ಅಜ್ಜಿಯ ಗೋತ್ರ, ಅಜ್ಜಿ ಸಾಕಿದ ಬೆಕ್ಕಿನ ಗೋತ್ರ ಎಲ್ಲ ವಿಚಾರಿಸಿದವಳು. ಪದಗಳಿಗೆ ಹಿಂದುಮುಂದು ಏನೆಂದು ಒಂದು ಮಾತು ಕೇಳಲಿಲ್ಲ. ಇಂಗ್ಲಿಷರ ಸೀಮೆಯಿಂದ ಬಂದವಕ್ಕೆ ಏನು ಕೇಳುವುದು ಎಂದುಕೊಂಡಳು.

ಮೈದುನನ ಮಕ್ಕಳು ಕರೆಯುವ 'ದೊಡ್ಡಮ್ಮ' ಕೊಟ್ಟು ಬ್ಲೂ ಬ್ಲಡ್ ತೆಗೆದುಕೊಂಡಳು. ಗಂಡ ಕರೆಯುವ 'ಇವಳೇ' ಕೊಟ್ಟು ಜೆಂಟಲ್ ತೆಗೆದುಕೊಂಡಳು. ಲೇಡಿಗೆ ಏನು ಕೊಡುವುದು? ಉಳಿದದ್ದು ಪುಟ್ಟತಾಯಿ ಕರೆಯುವ 'ಅಕ್ಕ' ಒಂದೇ.

"ತಗೋ" ಎಂದಳು. "ಅವಳ ಬಾಯಿಯದು ತಾನೇ."

ಶೆಟ್ಟಿ ಮೂರನ್ನೂ ಗಂಟು ಕಟ್ಟಿಕೊಂಡ. ಹೋಗುವಾಗ ಒರಳುಕಲ್ಲಿನ ಮೇಲೆ ಕೂತು ದಣಿವಾರಿಸಿಕೊಂಡು ಅದಕ್ಕೆ 'ದೊಡ್ಡಮ್ಮ' ಕೊಟ್ಟ. ಕಂಬಕ್ಕೆ ಬೆನ್ನು ಉಜ್ಜಿಕೊಂಡು ಅದಕ್ಕೆ 'ಇವಳೇ' ಕೊಟ್ಟ. ಕೊಟ್ಟಿಗೆಯಲ್ಲಿ ಹಾಲು ಕುಡಿದು ಕಾಳಿ ಎಂಬ ಎಮ್ಮೆಗೆ 'ಅಕ್ಕ' ಕೊಟ್ಟ. ಕೊಟ್ಟು, ಬುಟ್ಟಿ ಹೊತ್ತು ಹೋದ.

ಮಲ್ಲಾಜಮ್ಮಣ್ಣಿ ಬ್ಲೂ ಬ್ಲಡ್ ತೊಟ್ಟಳು. ಪದ ಹೇಳಿತು: "ನೀಲಿ ನರ ಕಾಣಬೇಕಾದರೆ ಬಿಸಿಲಿಗೆ ಹೋಗಬಾರದು. ನನ್ನ ಮೂಲ ಅದೇ. ಹೊಲದಲ್ಲಿ ದುಡಿಯದ ಬಿಳಿತೊಗಲಿನವರು ನರ ತೋರಿಸಿಕೊಂಡು ಬೀಗುತ್ತಿದ್ದರು." ರಾಣಿ ಕಿಟಕಿ ಮುಚ್ಚಿಸಿದಳು. ಕತ್ತಲಾಯಿತು. ಕತ್ತಲಲ್ಲಿ ನರ ಯಾರಿಗೂ ಕಾಣಲಿಲ್ಲ.

ಜೆಂಟಲ್ ತೊಟ್ಟಳು. ಪದ ಹೇಳಿತು: "ಮೊದಲು ನಾನು ಒಳ್ಳೆಯ ಮನೆತನದವನು. ವಯಸ್ಸಾದ ಮೇಲೆ ಸಾಧುವಾದೆ." ಅಷ್ಟೇ, ರಾಣಿಯ ಬಾಯಿ ಬೆಣ್ಣೆಯಾಯಿತು. ಪುಟ್ಟತಾಯಿಗೆ ಕೊಂಕು ಆಡಲು ಹೋದರೆ, "ನಿನ್ನ ಸಾರು ಸೊಗಸಾಗಿದೆಯಮ್ಮ" ಎಂದು ಬಂತು. ಇಂಥ ಸಂಕಟ ಶತ್ರುವಿಗೂ ಬೇಡ.

ಕೊನೆಗೆ ಗೌರಿಹಬ್ಬದ ಬೆಳಿಗ್ಗೆ ಲೇಡಿ ತೊಟ್ಟಳು. ಲೇಡಿ ಒಂದು ಮಾತೂ ಆಡದೆ ಅವಳ ಎರಡೂ ಕೈ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋಗಿ ಹಿಟ್ಟಿನ ಮರಿಗೆಯೊಳಗೆ ಅದ್ದಿತು. ಕೈ ತಾನಾಗಿ ನಾದತೊಡಗಿತು.

"ಅಯ್ಯೋ, ಏನಿದು ನಿನ್ನ ಹಾವಳಿ? ನೀನು ದೊಡ್ಡ ಹುಟ್ಟಿನ ಪದ ಅಲ್ಲವೇನೇ?"

"ನಾನು ಹುಟ್ಟಿದ್ದೇ ಹಿಟ್ಟಿನಲ್ಲಿ, ತಾಯೀ" ಎಂದಿತು ಲೇಡಿ. "ನಮ್ಮ ಊರಿನಲ್ಲಿ ರೊಟ್ಟಿಗೆ ನಾದುವವಳನ್ನು ಮೊದಲು ಹಾಗೆ ಕರೆದರು. ನಮ್ಮ ಯಜಮಾನರು ಲಾರ್ಡ್ ಇದ್ದಾರಲ್ಲ, ಅವರು ಆ ರೊಟ್ಟಿ ಕಾಯುತ್ತಿದ್ದವರು. ಮೈಗೆ ರೇಷ್ಮೆ ಬಂದದ್ದು ಆಮೇಲೆ."

"ಮತ್ತೆ ನೋಬಲ್?"

"ಅದಾ? ನಾಲ್ಕು ಜನಕ್ಕೆ ಗೊತ್ತಿರುವವರು ಅಂತ. ಅಷ್ಟೇ."

ಅಷ್ಟೇ! ಪುಟ್ಟತಾಯಿಯ ಹೋಳಿಗೆ ನಾಲ್ಕು ಜನಕ್ಕೆ ಗೊತ್ತು, ಅಷ್ಟೇ! ಇದಕ್ಕಾಗಿ ತಾನು ಇಷ್ಟು ದಿನ ಬೇಳೆ ಬೇಯಿಸಿದೆನೇ?

ಅಷ್ಟರಲ್ಲಿ ಪುಟ್ಟತಾಯಿ ಮೊರ ಹಿಡಿದು ಬಂದಳು. ರಾಣಿಯನ್ನು ನೋಡಿದಳು. ಕರೆಯಲು ಬಾಯಿ ತೆರೆದಳು. ಗಾಳಿ ಬಂತು, ಮಾತು ಬರಲಿಲ್ಲ. ಇನ್ನೊಮ್ಮೆ ತೆರೆದಳು. ಕಣ್ಣಿನಲ್ಲಿ ನೀರು ಬಂತು, ಮಾತು ಬರಲಿಲ್ಲ. ಅತ್ತ ರಾಜ, "ಇವಳೇ, ಬಲಮೀಸೆ ಊಟ ಮಾಡಿತೇನೇ?" ಎಂದು ಕಂಬವನ್ನು ಕೇಳುತ್ತಿದ್ದ. ಮಕ್ಕಳು, "ದೊಡ್ಡಮ್ಮಾ, ಕತೆ ಹೇಳು" ಎಂದು ಒರಳುಕಲ್ಲನ್ನು ತಬ್ಬಿದ್ದರು.

ಕೊಟ್ಟಿಗೆಯಲ್ಲಿ ಕಾಳಿ "ಅಂಬಾ" ಎಂದಿತು. ಪುಟ್ಟತಾಯಿಯ ಮುಖ ಅರಳಿತು.

"ಅಕ್ಕಾ, ಬಾಗಿನ ತಗೊಳ್ಳಿ!" ಎನ್ನುತ್ತ ಕೊಟ್ಟಿಗೆಗೆ ಓಡಿದಳು.

ಎಮ್ಮೆ ಬೇಕೆಂದೇ ಎರಡನೆಯ ಸಲ ಕರೆಸಿಕೊಂಡು ಎದ್ದಿತು.

ಆಗ ಮಲ್ಲಾಜಮ್ಮಣ್ಣಿಗೆ ತಿಳಿಯಿತು. ಬಾಗಿನ ಬರುತ್ತಿದ್ದದ್ದು ಕೋಟೆಗಲ್ಲ, ಹುಟ್ಟಿಗಲ್ಲ. ಅಕ್ಕನಿಗೆ. ತಾನು ಮಾರಿದ್ದು ಅದನ್ನೇ. ಅವಳ ಹೊಟ್ಟೆಯ ಉರಿ ಈಗ ಎಷ್ಟಾಯಿತೆಂದರೆ ಮರಿಗೆಯಲ್ಲಿದ್ದ ಹಿಟ್ಟು ಕೈಯಲ್ಲೇ ರೊಟ್ಟಿಯಾಯಿತು. ನೋಬಲ್ ಆದ ಓರಗಿತ್ತಿಯ ಮೇಲೆ ಪಟ್ಟ ಹೊಟ್ಟೆಕಿಚ್ಚು ಏನೂ ಅಲ್ಲ. ಎಮ್ಮೆಯ ಮೇಲೆ ಪಡುವುದಿದೆಯಲ್ಲ, ಅದು ಹೊಟ್ಟೆಕಿಚ್ಚು.

ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ಕೊಟ್ಟಿಗೆಗೆ ಹೋದಳು. ದಾರಿಯಲ್ಲಿ ಕಂಬಕ್ಕೆ ಜೆಂಟಲ್ ಕೊಟ್ಟು 'ಇವಳೇ' ಕಿತ್ತುಕೊಂಡಳು. ಒರಳುಕಲ್ಲಿಗೆ ಬ್ಲೂ ಬ್ಲಡ್ ಕೊಟ್ಟು 'ದೊಡ್ಡಮ್ಮ' ತೆಗೆದುಕೊಂಡಳು. ಕಂಬ, ಕಲ್ಲು ಸುಮ್ಮನೆ ಕೊಟ್ಟವು. ಕಾಳಿ ಕೊಡಲಿಲ್ಲ.

"ಕರೆದರೆ ಚೆನ್ನಾಗಿರುತ್ತದೆ" ಎಂದಿತು, ಬಾಗಿನದ ಬಾಳೆಹಣ್ಣು ಅಗಿಯುತ್ತ. "ಇಷ್ಟು ವರ್ಷ ನನ್ನನ್ನು ಎಲ್ಲರೂ 'ಹೈ' ಅಂತಿದ್ದರು."

"ಬದಲಿಗೆ ಲೇಡಿ ಕೊಡುತ್ತೇನೆ ಕಣೇ."

"ಅದರ ಗೋತ್ರ ಏನು?"

ಎಮ್ಮೆ ಕೇಳಿತು ನೋಡಿ, ರಾಣಿ ಕೇಳದೆ ಬಿಟ್ಟದ್ದನ್ನು! ಸುಳ್ಳು ಹೇಳೋಣವೆಂದರೆ ಕೈತುಂಬ ಹಿಟ್ಟು, ಪುಟ್ಟತಾಯಿ ಪಕ್ಕದಲ್ಲೇ ನಿಂತು ಅದನ್ನೇ ನೋಡುತ್ತಿದ್ದಳು. ಮಲ್ಲಾಜಮ್ಮಣ್ಣಿ ತಲೆ ತಗ್ಗಿಸಿದಳು.

"ನಾದುವವಳು ಅಂತ."

"ನಾದುವುದೇ? ಕೆಸರು ನಾದಿದರೆ ಆಗುತ್ತದೆಯೇ?"

"ಹಿಟ್ಟೇ ಆಗಬೇಕೆಂದು ಯಾರೂ ಹೇಳಿಲ್ಲ."

"ಮತ್ತೆ ಮೊದಲೇ ಹೇಳಬಾರದೇ!" ಎಂದು ಕಾಳಿ 'ಅಕ್ಕ'ನನ್ನು ಉಗಿದು, ಲೇಡಿಯನ್ನು ಕೊಂಬಿಗೆ ಸಿಕ್ಕಿಸಿಕೊಂಡು ಕೆರೆಗೆ ಹೊರಟಿತು.

"ಅಕ್ಕಾ!" ಎಂದಳು ಪುಟ್ಟತಾಯಿ, ಬಿಕ್ಕುತ್ತ. "ಎಲ್ಲಿ ಹೋಗಿದ್ದಿರಿ? ಬಾಗಿನದಲ್ಲಿ ಬಳೆಬಿಚ್ಚೋಲೆ ಮಾತ್ರ ಉಳಿದಿದೆ. ಹಣ್ಣೆಲ್ಲ ಅದು ತಿಂದುಬಿಟ್ಟಿತು."

"ಕೊಡೇ ಅದನ್ನೇ" ಎಂದಳು ಮಲ್ಲಾಜಮ್ಮಣ್ಣಿ. ಈ ಸಲ ಎರಡನೆಯ ಸಲ ಕರೆಸಿಕೊಳ್ಳಲಿಲ್ಲ.

ಅಂದಿನಿಂದ ಕಂಬಗಳು ಎದುರು ಮಾತಾಡುವುದಿಲ್ಲ. ಒರಳುಕಲ್ಲಿನ ಮೈಮೇಲೆ ನೀಲಿ ನರ, ಅದು ಬಿಸಿಲಿಗೂ ಬರುವುದಿಲ್ಲ. ಎಮ್ಮೆಗಳು ಕೆರೆಯಲ್ಲಿ ಕೂತು, ರೆಪ್ಪೆ ಅರ್ಧ ಮುಚ್ಚಿ, ಕೆಸರು ನಾದುತ್ತವೆ. ನೀತಿ ಏನೆಂದರೆ, ದಾರಿಯಲ್ಲಿ ಎಮ್ಮೆ ಎದುರಾದರೆ ಪಕ್ಕಕ್ಕೆ ಸರಿಯಿರಿ, ಅದು ಲೇಡಿ. ಮಲ್ಲಾಜಮ್ಮಣ್ಣಿಯೂ ಸರಿಯುತ್ತಾಳೆ. ಸರಿದ ಮೇಲೆ ಅದರ ಬಾಲವನ್ನೇ ನೋಡುತ್ತ ನಿಲ್ಲುತ್ತಾಳೆ. ಆ ಹೊತ್ತಿಗೆ ಬೇಕಾದರೆ ಅವಳ ಹೊಟ್ಟೆಯ ಮೇಲೆ ಒಂದು ಲೋಟ ನೀರು ಕಾಯಿಸಿಕೊಳ್ಳಬಹುದು. ನೀರು ಕಾದಿತು, ಕತೆ ಇಳಿಸಿದೆ, ಕೈ ಸುಟ್ಟುಕೊಳ್ಳಬೇಡಿ.